ಚತುರನಿಗೆ ಕೊಟ್ಟ ಜಾಗ

ಕಪಾಟು ಸ್ವಚ್ಛ ಮಾಡಬೇಕೆಂಬ ಹುರುಪು ನನಗೆ ವರ್ಷಕ್ಕೊಮ್ಮೆ ಬರುತ್ತದೆ, ಅರ್ಧ ತಾಸಿನಲ್ಲಿ ಇಳಿದೂ ಹೋಗುತ್ತದೆ. ಮೊದಲನೇ ಖಾನೆಯಲ್ಲೇ ಯಾವುದಾದರೂ ಹಳೆಯ ಕಾಗದ ಕೈಗೆ ಸಿಗುತ್ತದೆ. ನಾನು ಕಾಲು ಚಾಚಿ ನೆಲದ ಮೇಲೆ ಕೂತು ಓದತೊಡಗುತ್ತೇನೆ. ಕಪಾಟು ಇದ್ದಂತೆಯೇ ಇರುತ್ತದೆ. ಶಾಲೆಯಿಂದ ನಿವೃತ್ತಿಯಾದ ಮೇಲೆ ಆ ಕಪಾಟಿನ ಎರಡನೇ ಖಾನೆಯನ್ನು ನಾನು ಒಂದು ಸಲವೂ ಮುಟ್ಟಿಲ್ಲ ಎಂದರೆ ನೀವು ನಂಬಬೇಕು.

ಮೊನ್ನೆ ಸಿಕ್ಕಿದ್ದು ನಮ್ಮ ಬುದ್ಧಿಬಳ ಮಂಡಳಿಯ ಒಂದು ಪ್ರವೇಶ ಅರ್ಜಿ. ನೀವು ಚದುರಂಗ ಅನ್ನುವುದಕ್ಕೆ ನಮ್ಮ ಕಡೆ ಹಳಬರು ಬುದ್ಧಿಬಳ ಅನ್ನುತ್ತಾರೆ. ಅರ್ಜಿಯಲ್ಲಿ ಹೀಗಿತ್ತು. ಹೆಸರು: ಚತುರ. ವಯಸ್ಸು: ಎಂಟು ತಿಂಗಳು. ತಂದೆಯ ಅಥವಾ ಗಂಡನ ಹೆಸರು: ಪ್ರಶಾಂತ. ಉದ್ಯೋಗ: ಇಲ್ಲ. ಕೆಳಗೆ "ಸ್ವೀಕರಿಸಲಾಗಿದೆ" ಎಂದು ನನ್ನ ದುಂಡನೆಯ ಅಕ್ಷರ, ಅದರ ಕೆಳಗೆ ನನ್ನ ಸಹಿ. ಸಹಿಯ ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೆ. ವಯಸ್ಸಿನ ಕಾಲಮು ನೋಡಿ ಅಂದು ನಾವೆಲ್ಲ ನಕ್ಕಿದ್ದೆವು. ಮೊನ್ನೆ ಆ ಎರಡು ಗೆರೆ ನೋಡಿದಾಗ ನನಗೆ ನಗು ಬರಲಿಲ್ಲ.

ಮಂಡಳಿ ಎಂದರೆ ದೊಡ್ಡದೇನೂ ಅಲ್ಲ. ನವಲಗುಂದದ ವಾಚನಾಲಯದ ಹಿಂದಿನ ಹಾಲಿನಲ್ಲಿ ವರ್ಷಕ್ಕೊಮ್ಮೆ, ಶಿವರಾತ್ರಿ ಮುಗಿದ ಮೇಲಿನ ಶನಿವಾರ ಮತ್ತು ಭಾನುವಾರ, ಸ್ಪರ್ಧೆ. ನಮ್ಮೂರ ಹೆಣ್ಣುಮಕ್ಕಳು ನೇಯ್ದ ಜಮಖಾನೆ ಹಾಸಿ, ಸಾಲಾಗಿ ಹಲಗೆ ಇಟ್ಟು ಆಡಿಸುತ್ತೇವೆ. ಮೊದಲ ಎರಡು ಸ್ಥಾನದವರನ್ನು ಜಿಲ್ಲೆಯ ಸ್ಪರ್ಧೆಗೆ ಧಾರವಾಡಕ್ಕೆ ಕಳಿಸುತ್ತೇವೆ. ಅಧ್ಯಕ್ಷರು ಹತ್ತಿ ವ್ಯಾಪಾರದ ಚನ್ನಪ್ಪನವರು. ಅವರಿಗೆ ಕುದುರೆ ಹೇಗೆ ಹಾರುತ್ತದೆ ಎಂಬುದು ಇಂದಿಗೂ ಗೊತ್ತಿಲ್ಲ. ಆದರೆ ಎರಡು ದಿನ ಎಲ್ಲರಿಗೂ ಚಹಾ ಮತ್ತು ಮಂಡಕ್ಕಿ ಅವರದೇ. ಕಾರ್ಯದರ್ಶಿ ನಾನು, ನಿರ್ಣಾಯಕಳೂ ನಾನೇ. ಆಡುವುದನ್ನು ಬಿಟ್ಟವರು ಕಾರ್ಯದರ್ಶಿ ಆಗುತ್ತಾರೆ ಎಂದು ನನ್ನನ್ನು ನಾನೇ ಚೇಷ್ಟೆ ಮಾಡಿಕೊಳ್ಳುತ್ತಿದ್ದೆ.

ಆಡುತ್ತಿದ್ದದ್ದು ನಿಜ. ನನ್ನ ತವರು ಅಣ್ಣಿಗೇರಿ. ಅಪ್ಪ ಕನ್ನಡ ಶಾಲೆಯ ಮಾಸ್ತರು. ಗಾದಿ ಹೊಲಿಯುವ ಇಮಾಮಸಾಬ ಕಾಕಾ ಅವರ ಆಟದ ಜೋಡಿ. ಸಂಜೆ ಶಾಲೆ ಬಿಟ್ಟ ಮೇಲೆ ನಮ್ಮ ಮನೆಯ ಕಟ್ಟೆಯ ಮೇಲೆ ಇಬ್ಬರೂ ಕೂಡುತ್ತಿದ್ದರು. ಕಾಕಾನ ಹುಬ್ಬಿಗೂ ಗಡ್ಡಕ್ಕೂ ಅರಳೆಯ ಎಳೆ ಅಂಟಿರುತ್ತಿತ್ತು. ನಾವು ಹುಡುಗಿಯರು ಅರಳೆಯೋ ನರೆಯೋ, ಅವರ ವಯಸ್ಸೇ ಗೊತ್ತಾಗದು ಎಂದು ನಗುತ್ತಿದ್ದೆವು. ಕಳೆದುಹೋದ ಒಂದು ಆನೆಯ ಬದಲಿಗೆ ದಾರದ ಉಂಡೆ, ಒಂದು ಪ್ಯಾದೆಯ, ಅಂದರೆ ಕಾಲಾಳಿನ, ಬದಲಿಗೆ ಹುಣಸೆಬೀಜ. ಕಾಕಾ "ಶಹ!" ಎಂದು ರಾಜನನ್ನು ಬೆದರಿಸಿ ಕೂಗಿದರೆ ಎದುರು ಮನೆಯ ಎಮ್ಮೆ ತಲೆ ಎತ್ತಿ ನೋಡುತ್ತಿತ್ತು. ನಾನು ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತ ನೋಡುತ್ತ ಕಲಿತೆ. ಒಂದು ದಿನ ಕಾಕಾ ಊರಿಗೆ ಹೋಗಿದ್ದಾಗ ಅಪ್ಪ ಬೇಸರಕ್ಕೆ ನನ್ನನ್ನು ಎದುರಿಗೆ ಕೂಡಿಸಿಕೊಂಡರು. ಮೂರನೇ ಆಟದಲ್ಲಿ ನಾನು ಗೆದ್ದೆ. ಗೆದ್ದವಳು ಹೆದರಿ ಅಡುಗೆಮನೆಗೆ ಓಡಿಹೋಗಿ ಅವ್ವನ ಹಿಂದೆ ನಿಂತೆ. ಅಪ್ಪ ಸಿಟ್ಟು ಮಾಡಲಿಲ್ಲ. ಕಾಕಾ ಮರಳಿ ಬಂದಾಗ, "ಇಮಾಮ, ಇನ್ನ ಮ್ಯಾಲ ನನ್ನ ಕಡಿಂದ ಈಕಿ ಆಡ್ತಾಳ" ಎಂದರು. ಮದುವೆಯಾಗುವ ತನಕ ಆಡಿದೆ. ಆಮೇಲೆ ಯಾಕೆ ಬಿಟ್ಟೆ ಎಂದು ಕೇಳಿದರೆ ದೊಡ್ಡ ಕಾರಣವೇನಿಲ್ಲ. ಎದುರಿಗೆ ಕೂಡುವವರು ಇರಲಿಲ್ಲ, ಅಷ್ಟೇ.

ಹಾಗಾಗಿ ಗಿರಿಜಾ ಮೊದಲ ಸಲ ನಮ್ಮ ಸ್ಪರ್ಧೆಗೆ ಬಂದಾಗ ನನಗೆ ಆದ ಸಂತೋಷ ನಿಮಗೆ ತಿಳಿಯಬಹುದು. ಆಕೆ ತಿರ್ಲಾಪುರದ ಅಂಗನವಾಡಿ ಕಾರ್ಯಕರ್ತೆ. ವಯಸ್ಸು ಮೂವತ್ತರ ಆಚೆ ಈಚೆ, ಒಬ್ಬಳು ಮಗಳು, ಗಂಡ ಟಂಟಂ ರಿಕ್ಷಾ ಓಡಿಸುತ್ತಾನೆ. ಆಡಲು ಬಂದ ಮೂವತ್ತು ಮಂದಿಯಲ್ಲಿ ಆಕೆಯೊಬ್ಬಳೇ ಹೆಂಗಸು. ಆಟಕ್ಕೆ ಕೂಡುವ ಮುನ್ನ ಬಳೆ ಸಪ್ಪಳ ಮಾಡಬಾರದೆಂದು ಅವನ್ನು ಮೇಲಕ್ಕೆ ಮೊಣಕೈತನಕ ಸರಿಸಿ ಬಿಗಿ ಮಾಡಿಕೊಳ್ಳುವಳು. ಎಲ್ಲಿ ಕಲಿತೆ ಎಂದು ನಾನು ಕೇಳಿದೆ.

"ಫೋನಿನ್ಯಾಗ್ರಿ ಅಕ್ಕೋರ. ಕೊರೊನಾ ಬಂದಾಗ ಕಲತೆ."

"ಮಂದಿ ಜೋಡಿ ಆಡಿಲ್ಲೇನು?"

"ಊರಾಗ ನನ್ನ ಎದುರಿಗೆ ಯಾರ ಕುಂದರ್ತಾರ್ರಿ? ಗಂಡಸರಿಗೆ ನಾಚಿಕಿ, ಹೆಂಗಸರಿಗೆ ಪುರಸೊತ್ತಿಲ್ಲ. ಫೋನಿಗೆ ಎರಡೂ ಇಲ್ಲ."

ಮೊದಲ ವರ್ಷ ಹದಿನೇಳನೆಯವಳಾದಳು. ಮರುವರ್ಷ ಒಂಬತ್ತನೆಯವಳು. ಮೂರನೇ ವರ್ಷ ಚತುರನ ಅರ್ಜಿ ಬಂತು.

ಪ್ರಶಾಂತ ಹುಬ್ಬಳ್ಳಿ ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುವವರು, ಒಳ್ಳೆಯ ಮನುಷ್ಯ. ತಾವು ಮತ್ತು ತಮ್ಮ ವಿದ್ಯಾರ್ಥಿಗಳು ಸೇರಿ ಬುದ್ಧಿಬಳ ಆಡುವ ಒಂದು ಪ್ರೋಗ್ರಾಮು ಬರೆದಿದ್ದೇವೆ, ಅದನ್ನು ನಿಮ್ಮ ಸ್ಪರ್ಧೆಯಲ್ಲಿ ಆಡಿಸಬಹುದೇ ಎಂದು ಕೇಳಿಕೊಂಡು ಬಂದರು.

"ಇದೇನು ಜಗತ್ತಿನ ದೊಡ್ಡ ಪ್ರೋಗ್ರಾಮು ಅಲ್ಲ ಮೇಡಂ. ನಮ್ಮ ಹುಡುಗ್ರು ಬರದದ್ದು, ಸೋಲತದ. ಎಲ್ಲೆ ಸೋಲತದ ಅನ್ನೂದ ನಮಗ ನೋಡಬೇಕಾಗೇದ. ಅದಕ್ಕ ಖರೇ ಮಂದಿ ಬೇಕು, ಖರೇ ಸ್ಪರ್ಧಾ ಬೇಕು" ಎಂದರು.

ಚನ್ನಪ್ಪನವರ ಮುಖ ಅರಳಿತು. "ಪೇಪರಿನ್ಯಾಗ ಬರತೈತ್ರಿ ಅಕ್ಕೋರ! ನವಲಗುಂದದಾಗ ಕಂಪ್ಯೂಟರ್ ಜೋಡಿ ಬುದ್ಧಿಬಳ ಅಂದ್ರ ಏನ ಸಣ್ಣ ಮಾತೇನು? ಹುಬ್ಬಳ್ಳ್ಯಾಗರ ಆಗೇತೇನು?"

ಅವರು ನಿಯಮಗಳ ಹಾಳೆ ತೆಗೆದು ಮೇಲಿಂದ ಕೆಳಗೆ ಬೆರಳಾಡಿಸಿದರು. "ಆಡಾವರು ಮನುಷ್ಯಾರ ಆಗಿರಬೇಕಂತ ಎಲ್ಲೂ ಬರದಿಲ್ಲಲ್ರಿ."

ಬರೆದಿರಲಿಲ್ಲ. ಬರೆಯಬೇಕೆಂದು ಯಾರಿಗೂ ತೋಚಿರಲಿಲ್ಲ. ನನಗೆ ಒಳಗೆ ಏನೋ ಚುಚ್ಚಿತ್ತು ಎಂದು ಈಗ ಹೇಳಿದರೆ ಸುಳ್ಳಾದೀತು. ಪೇಪರಿನಲ್ಲಿ ಕಾರ್ಯದರ್ಶಿಯ ಹೆಸರೂ ಬರುತ್ತದೆ ಎಂದು ನನ್ನ ಮನಸ್ಸಿನಲ್ಲಿ ಬಂದದ್ದು ಮಾತ್ರ ನೆನಪಿದೆ. ಸಹಿ ಮಾಡಿದೆ, ಗೆರೆಯನ್ನೂ ಎಳೆದೆ.

ಶನಿವಾರ ಬೆಳಿಗ್ಗೆ ಹಾಲು ತುಂಬಿತು. ಪ್ರಶಾಂತ ತಾವೇ ಹಲಗೆಯ ಮುಂದೆ ಕೂತು, ಬಾಜುವಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು, ಅದು ಹೇಳಿದ ನಡೆಯನ್ನು ತಮ್ಮ ಕೈಯಿಂದ ಆಡುತ್ತಿದ್ದರು. ಮೊದಲನೇ ಆಟದಲ್ಲಿ ಅದು ಒಬ್ಬ ಮುದುಕರ ಜೊತೆ ಡ್ರಾ ಮಾಡಿಕೊಂಡಿತು. ಎಲ್ಲರಿಗೂ ಸಮಾಧಾನವಾಯಿತು, ಇದು ನಮ್ಮಂಥದೇ ಎಂದು. ಗಿರಿಜಾ ಬಂದು ಅದನ್ನು ಆ ಕಡೆ ಈ ಕಡೆ ನಿಂತು ನೋಡಿದಳು. "ನಿನಗ ಏನರ ತಕರಾರ ಐತೇನವಾ?" ಎಂದು ನಾನು ಕೇಳಿದೆ. "ನನಗ್ಯಾಕ್ರಿ ತಕರಾರ? ಇಂಥಾದ್ರ ಕಡಿಂದನ ಕಲತೇನಿ" ಎಂದಳು.

ಐದು ಸುತ್ತು. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಲೆಕ್ಕ ಸುಲಭವಾಗಿತ್ತು. ಬ್ಯಾಂಕಿನಲ್ಲಿ ಕೆಲಸ ಮಾಡುವ ಮಹಾಂತೇಶ ತನ್ನ ಐದನೇ ಆಟ ಬೇಗನೆ ಗೆದ್ದು ಮುಗಿಸಿದ್ದ. ಕೊನೆಯ ಹಲಗೆಯಲ್ಲಿ ಗಿರಿಜಾ ಮತ್ತು ಚತುರ. ಗಿರಿಜಾ ಗೆದ್ದರೆ ಮೊದಲನೆಯವಳು, ಡ್ರಾ ಆದರೂ ಧಾರವಾಡಕ್ಕೆ ಹೋಗುವವಳು. ಸೋತರೆ ಮೂರನೆಯವಳು.

ಆಕೆ ಒಂದು ಪ್ಯಾದೆ ಮುಂದಿದ್ದಳು. ಕುತ್ತಿಗೆಯ ಬೆವರು ಒರೆಸಿಕೊಳ್ಳುವುದನ್ನೂ ಮರೆತು ಹಲಗೆಯ ಮೇಲೆ ಬಾಗಿದ್ದಳು. ನಡೆ ಆಡಿ ಗಡಿಯಾರದ ಗುಂಡಿ ಒತ್ತಿದಳು. ಚತುರನ ಸರದಿ. ಅಷ್ಟರಲ್ಲಿ ಫ್ಯಾನು ನಿಂತಿತು. ಲ್ಯಾಪ್‌ಟಾಪಿನ ಪರದೆ ಕಪ್ಪಾಯಿತು.

"ಬ್ಯಾಟರಿ ಹಿಡಿಯೂದಿಲ್ರಿ ಇದು, ವೈರಿನ ಮ್ಯಾಲನ ನಡೀತದ" ಎಂದು ಪ್ರಶಾಂತ ಎದ್ದು ನಿಂತರು. ಹೊರಗೆ ಹೋಗಿ ಬಂದವರು ಊರಿಗೆ ಊರೇ ಕರೆಂಟಿಲ್ಲ ಎಂದು ಹೇಳಿದರು. ಆಟದ ನಡುವೆ ಲ್ಯಾಪ್‌ಟಾಪ್ ಹೊರಗೆ ಒಯ್ಯುವ ಹಾಗಿಲ್ಲ, ಫೋನು ಲ್ಯಾಪ್‌ಟಾಪು ಯಾವುದೂ ಹಾಲು ದಾಟಬಾರದೆಂದು ನಾನೇ ನಿಯಮ ಮಾಡಿದ್ದೆ. ಚತುರನ ಗಡಿಯಾರದಲ್ಲಿ ಇನ್ನೂ ಅರ್ಧ ತಾಸು ಇತ್ತು, ಅದು ಟಿಕ್ ಟಿಕ್ ಎಂದು ಓಡುತ್ತಲೇ ಇತ್ತು. ಎಲ್ಲರೂ ನನ್ನ ಮುಖ ನೋಡಿದರು, ಕ್ಯಾಮೆರಾ ಹಿಡಿದು ಬಂದಿದ್ದ ಪೇಪರಿನವರೂ.

ಹೇಳಬೇಕಾದ ಮಾತು ಒಂದೇ ಇತ್ತು. ಗಡಿಯಾರ ನಡೆಯುತ್ತದೆ, ವೇಳೆ ಮುಗಿದರೆ ಸೋಲು. ಅದರ ಹಿಂದಿನ ವರ್ಷ ಒಬ್ಬನಿಗೆ ಆಟದ ನಡುವೆ ವಾಂತಿಯಾಗಿ ಹೊರಗೆ ಹೋದಾಗ ನಾನು ಅದನ್ನೇ ಹೇಳಿದ್ದೆ, ಆತ ಸೋತಿದ್ದ. ನಾನು ಬಾಯಿ ತೆಗೆಯುವಷ್ಟರಲ್ಲಿ ಗಿರಿಜಾ ತಲೆ ಎತ್ತಿದಳು.

"ಗಡಿಯಾರ ನಿಲ್ಲಸ್ರಿ ಅಕ್ಕೋರ."

"ಏನವಾ?"

"ನಿಲ್ಲಸ್ರಿ. ಕರೆಂಟ ಬರಲಿ."

ನಾನು ನಿಲ್ಲಿಸಿದೆ. ಹಾಲಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಚನ್ನಪ್ಪನವರು ಶಲ್ಯದಿಂದ ಕಣ್ಣೊರೆಸಿಕೊಂಡರು. ಮೂವತ್ತೈದು ವರ್ಷ ಪಾಠ ಹೇಳಿದವಳ ಎದುರಿಗೆ ಮೂವತ್ತು ಮಂದಿ ಸುಮ್ಮನೆ ಕೂತರೆ ಆಕೆ ಸುಮ್ಮನಿರಲಾರಳು. ಎದ್ದು ನಿಂತು ಆಟ ಎಂದರೇನು, ದೊಡ್ಡ ಮನಸ್ಸು ಎಂದರೇನು ಎಂದು ಒಂದು ಸಣ್ಣ ಭಾಷಣವನ್ನೇ ಮಾಡಿಬಿಟ್ಟೆ. ಗಿರಿಜಾ ಅದನ್ನು ಕೇಳುತ್ತಿರಲಿಲ್ಲ, ಹಲಗೆಯನ್ನು ನೋಡುತ್ತಿದ್ದಳು.

ಕರೆಂಟು ಬರಲು ಒಂದೂಕಾಲು ತಾಸು ಹಿಡಿಯಿತು. ಪ್ರಶಾಂತ ಲ್ಯಾಪ್‌ಟಾಪ್ ಚಾಲೂ ಮಾಡಿ, ಕಾಯಿಗಳು ಎಲ್ಲೆಲ್ಲಿವೆ ಎಂದು ಅದಕ್ಕೆ ತಿಳಿಸಿದರು. ನಾನು ಗಡಿಯಾರ ಮತ್ತೆ ಬಿಟ್ಟೆ. ಚತುರ ಮೊದಲ ನಡೆಯಲ್ಲಿ ಓರೆಯಾಗಿ ನಡೆಯುವ ತನ್ನ ಒಂಟೆಯನ್ನು ಹಿಂದಕ್ಕೆ ಎಳೆದು ಮೂಲೆಯಲ್ಲಿ ಇಟ್ಟಿತು. ಸುತ್ತ ನಿಂತವರಲ್ಲಿ ಒಬ್ಬಿಬ್ಬರು ನಕ್ಕರು. ಹೆದರಿ ಮೂಲೆ ಸೇರಿದ ಹಾಗೆ ಕಾಣುತ್ತಿತ್ತು. ಗಿರಿಜಾ ನಗಲಿಲ್ಲ. ಹತ್ತು ನಿಮಿಷ ಯೋಚಿಸಿ ತನ್ನ ನಡುವಿನ ಪ್ಯಾದೆಯಿಂದ ಅದರ ಒಂದು ಪ್ಯಾದೆಯನ್ನು ಹೊಡೆದಳು. ಅಲ್ಲಿಂದ ಹದಿನಾಲ್ಕು ನಡೆ. ಹದಿನೈದನೆಯದಕ್ಕೆ ಸೋಲೊಪ್ಪಿ ತನ್ನ ರಾಜನನ್ನು ಮೆಲ್ಲಗೆ ಅಡ್ಡ ಮಲಗಿಸಿ ತಲೆ ಎತ್ತಿದಳು.

"ಭಾಳ ಚಲೋ ಆಡಿದ್ರಿ ಮೇಡಂ" ಎನ್ನುತ್ತ ಪ್ರಶಾಂತ ವೈರು ಸುತ್ತತೊಡಗಿದ್ದರು. ಹೊರಗೆ ಅವರ ಜೀಪು ನಿಂತಿತ್ತು, ಹುಡುಗರು ಕೂತಾಗಿತ್ತು. ಗಿರಿಜಾ ಏನೋ ಕೇಳಲು ಬಾಯಿ ತೆಗೆದಳು. ಲ್ಯಾಪ್‌ಟಾಪ್ ಮುಚ್ಚಿತು. ನಾನು ಪ್ರಮಾಣಪತ್ರಗಳಲ್ಲಿ ಹೆಸರು ತುಂಬುವ ಗಡಿಬಿಡಿಯಲ್ಲಿದ್ದೆ. ಮೊದಲ ಸ್ಥಾನ ಚತುರ, ಎರಡನೆಯದು ಮಹಾಂತೇಶ, ಮೂರನೆಯದು ಗಿರಿಜಾ. ಆಕೆ ಪ್ರಮಾಣಪತ್ರ ತೆಗೆದುಕೊಂಡು, ಬಳೆಗಳನ್ನು ಕೆಳಗೆ ಜಾರಿಸಿಕೊಂಡು, ತಿರ್ಲಾಪುರದ ಬಸ್ಸು ಹಿಡಿಯಲು ಹೋದಳು.

"ಲಿಸ್ಟ್ ಇವತ್ತನ ಕಳಸ್ರಿ ಅಕ್ಕೋರ, ಪೇಪರಿನವರು ಕೇಳಾಕತ್ತಾರ" ಎಂದರು ಚನ್ನಪ್ಪನವರು. ಧಾರವಾಡಕ್ಕೆ ಹೋಗುವ ಇಬ್ಬರ ಹೆಸರು ಚತುರ, ಮಹಾಂತೇಶ ಎಂದು ಬರೆದು ಕಳಿಸಿದೆ. ಯಂತ್ರ ಧಾರವಾಡಕ್ಕೆ ಹೋಗಿ ಏನು ಮಾಡುತ್ತದೆ ಎಂದು ಆ ಹೊತ್ತಿನಲ್ಲಿ ಒಂದು ಸಲವೂ ಯೋಚಿಸಲಿಲ್ಲ. ಮರುದಿನ ಪೇಪರಿನಲ್ಲಿ ಸುದ್ದಿ ಬಂತು, ನನ್ನ ಹೆಸರೂ ಬಂತು. ಒಂದು ಅಕ್ಷರ ತಪ್ಪಿತ್ತು.

ಎರಡು ವಾರದ ಮೇಲೆ ಜಿಲ್ಲೆಯವರ ಉತ್ತರ ಬಂತು. ಯಂತ್ರಕ್ಕೆ ಪ್ರವೇಶವಿಲ್ಲ, ಹೆಸರು ಬದಲಿಸುವ ವೇಳೆ ಮುಗಿದಿದೆ, ನಿಮ್ಮ ಮಂಡಳಿಯ ಒಂದು ಜಾಗ ಖಾಲಿ ಉಳಿಯುತ್ತದೆ. ಫೋನು ಮಾಡಿದೆ. ಮೂರನೆಯವಳನ್ನು ತೆಗೆದುಕೊಳ್ಳಿ ಎಂದು ಕೈಮುಗಿದು ಕೇಳಿದೆ. ಆ ಕಡೆಯವರು ಸಿಡುಕಲಿಲ್ಲ. "ನೀವ ಕಳಿಸಿದ ಲಿಸ್ಟ್ ಅಲ್ರಿ ಮೇಡಂ? ಯಾರ ಎದುರಿಗೆ ಯಾರು ಅಂತ ಎಲ್ಲಾ ಜೋಡಿ ಹಾಕಿ ಆಗೇದ" ಎಂದರು. ಅವರದೇನೂ ತಪ್ಪಿರಲಿಲ್ಲ. ಆ ಜಾಗ ಚತುರನಿಗೂ ಆಗಲಿಲ್ಲ, ಗಿರಿಜಾಗೂ ಆಗಲಿಲ್ಲ.

ಫೋನಿನಲ್ಲಿ ಹೇಳುವ ಧೈರ್ಯವಾಗದೆ ಮರುದಿನ ಬಸ್ಸು ಹತ್ತಿ ತಿರ್ಲಾಪುರಕ್ಕೆ ಹೋದೆ. ಹತ್ತಿ ಕಿತ್ತಾಗಿ ಎರೆಹೊಲಗಳು ಬಿರುಕು ಬಿಟ್ಟು ಬಿದ್ದಿದ್ದವು. ಬಸ್ಸಿನಲ್ಲಿ ಕೂತು ಏನು ಹೇಳಬೇಕೆಂದು ಎರಡು ಮೂರು ವಾಕ್ಯ ಜೋಡಿಸಿಕೊಂಡೆ. ಅಂಗನವಾಡಿಯಲ್ಲಿ ಮಕ್ಕಳು ಉಂಡು ಮಲಗಿದ್ದರು. ಗಿರಿಜಾ ಬಾಗಿಲಲ್ಲಿ ನನ್ನನ್ನು ಕಂಡದ್ದೇ ತಡ, ಮುಖವೆಲ್ಲ ನಗುವಾಗಿ ಓಡಿಬಂದಳು.

"ಬರ್ರಿ ಅಕ್ಕೋರ, ಬರ್ರಿ! ನನಗ ಗೊತ್ತಿತ್ರಿ. ಮಷೀನ್ ತಗೊಳ್ಳೂದಿಲ್ಲ ಅಂತ ಮಹಾಂತೇಶ ಸರ್ ಹೇಳಿದ್ರು. ಅಂದ್ರ ಮೂರನೇದವರ್ನ ಕರೀತಾರಲ್ರಿ? ಎರಡ ದಿನ ರಜಾ ಬರದಿಟ್ಟೇನಿ. ಮಗಳ್ನ ನೋಡ್ಕೊಳ್ಳಾಕ ಅತ್ತೀನ್ನ ಯಮನೂರಿಂದ ಕರಸೇನಿ."

ಜೋಡಿಸಿಕೊಂಡು ಬಂದ ವಾಕ್ಯಗಳು ಒಂದೂ ನೆನಪಾಗಲಿಲ್ಲ. "ಇಲ್ಲವಾ, ಆ ಜಾಗ ಖಾಲಿನ ಬಿಡ್ತಾರಂತ. ವೇಳೆ ಮುಗದೈತಂತ" ಎಂದೆ. ಅಷ್ಟೇ ಹೇಳಿದೆ.

ಆಕೆ ಚಾಪೆಯ ಮೇಲೆ ಕೂತಳು. ನಾನೂ ಕೂತೆ. ಮಲಗಿದ್ದ ಒಂದು ಕೂಸು ಮಗ್ಗುಲಾಯಿತು. ಆಕೆ ಅದರ ಹೊದಿಕೆ ಸರಿಮಾಡಿದಳು.

"ಒಂದ ಮಾತ ಹೇಳತೇನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ನನಗ ಆ ಮಷೀನಿನ ಮ್ಯಾಲ ಸಿಟ್ಟಿಲ್ರಿ. ಅದು ತಾನಾಗಿ ಬಂದಿತ್ತೇನ್ರಿ? ನೀವು ಕರದ್ರಿ. ಗೆದ್ದದ್ದು ಅದಕ್ಕ ಗೊತ್ತಿಲ್ಲ, ಧಾರವಾಡಕ್ಕ ಹೋಗಲಿಲ್ಲ ಅನ್ನೂದೂ ಗೊತ್ತಿಲ್ಲ. ನನ್ನ ಸಿಟ್ಟು ನಿಮ್ಮ ಮ್ಯಾಲ ಐತ್ರಿ."

"ಗಡಿಯಾರ ನಿಲ್ಲಸು ಅಂತ ನೀನ..." ಎಂದು ನಾನು ಶುರು ಮಾಡಿದೆ. ಆ ವಾಕ್ಯ ನನ್ನ ಬಾಯಿಂದ ಹೊರಟಿತಲ್ಲ ಎಂದು ಇವತ್ತಿಗೂ ನಾಚುತ್ತೇನೆ.

"ನಾನ ಅಂದೆ, ಖರೆ. ಯಾಕಂದೆ ಗೊತ್ತೇನ್ರಿ? ನೀವು ಭಾಷಣ ಮಾಡಿದ್ರಿ, ದೊಡ್ಡ ಮನಸ್ಸು ಅಂತ. ದೊಡ್ಡ ಮನಸ್ಸು ಏನೂ ಅಲ್ರಿ. ಆಟ ಅರ್ಧಾ ಆಗಿತ್ತು. ಮುಂದ ಏನ ಆಡತೈತಿ ನೋಡಬೇಕಾಗಿತ್ತು ನನಗ. ಹಂಗ ಗೆದ್ದ ಬಂದಿದ್ರ ಆ ಹಲಗಿ ನನ್ನ ತಲ್ಯಾಗ ಹಂಗ ನಿಂತಬಿಡ್ತಿತ್ತು." ಆಕೆ ಸೆರಗಿನಿಂದ ಮೂಗು ಒರೆಸಿಕೊಂಡಳು. "ಆದ್ರ ನೀವು ಹೂಂ ಅನಬಾರದಿತ್ರಿ. ಆಡಾಕಿ ನಾ ಹುಚ್ಚಿ, ಏನ ಬೇಕಾದ್ದ ಕೇಳತೇನಿ. ನಿಯಮ ನಿಮ್ಮ ಕೈಯಾಗ ಇತ್ತು."

ಹಿಂದಿನ ವರ್ಷ ವಾಂತಿ ಮಾಡಿಕೊಂಡು ಸೋತ ಆ ಮನುಷ್ಯನ ಮುಖ ನೆನಪಾಯಿತು. ಅವನಿಗಾಗಿ ನಾನು ಗಡಿಯಾರ ನಿಲ್ಲಿಸಿರಲಿಲ್ಲ. ಒಂದು ಡಬ್ಬಿಗಾಗಿ ನಿಲ್ಲಿಸಿದ್ದೆ, ಯಾಕೆಂದರೆ ಆಗ ಹಾಲಿನಲ್ಲಿ ಫೋಟೋ ತೆಗೆಯುವವರಿದ್ದರು.

"ತಪ್ಪಾತವಾ" ಎಂದೆ.

ಗಿರಿಜಾ ಹೂಂ ಎನ್ನಲಿಲ್ಲ, ಇರಲಿ ಬಿಡ್ರಿ ಎಂದೂ ಅನ್ನಲಿಲ್ಲ. ಎದ್ದು ಹೋಗಿ ಮಕ್ಕಳ ಆಟಿಕೆ ಇಡುವ ಪೆಟ್ಟಿಗೆಯಿಂದ ಪ್ಲಾಸ್ಟಿಕ್ಕಿನ ಹಲಗೆ ತಂದು ಚಾಪೆಯ ಮೇಲೆ ಹಾಸಿದಳು.

"ಬಂದೀರಿ, ಕುಂದರ್ರಿ. ಆ ಆಟ ಒಮ್ಮೆ ಆಡಿ ನೋಡೂಣು. ಅವತ್ತ ಆ ಸರ್‌ನ ಕೇಳಬೇಕಂದ್ರ ಅವರು ಗಂಟು ಕಟ್ಟಾಕತ್ತಿದ್ರು. ಯಾರ ಜೋಡಿ ಸೋತ್ರೂ ಅವರ ಎದುರಿಗೆ ಕುಂತ ಕೇಳಬಹುದು, ಯಾಕ ಹಂಗ ಆಡಿದಿ ಅಂತ. ಅದನ್ನ ಯಾರಿಗೆ ಕೇಳ್ಲಿ? ನೀವು ಅದರ ಕಡಿಂದ ಆಡ್ರಿ."

ಆಕೆಗೆ ಎರಡೂ ಕಡೆಯ ಎಲ್ಲ ನಡೆಗಳೂ ಬಾಯಿಪಾಠವಿದ್ದವು. ಆಕೆ ಹೇಳಿದಂತೆ ನಾನು ಚತುರನ ಕಾಯಿಗಳನ್ನು ಸರಿಸುತ್ತ ಹೋದೆ. ಎಷ್ಟೋ ವರ್ಷಗಳ ಮೇಲೆ ಕಾಯಿ ಮುಟ್ಟಿದ್ದೆ. ಒಂಟೆಯನ್ನು ಮೂಲೆಗೆ ಎಳೆಯುವ ನಡೆ ಬಂದಾಗ ಗಿರಿಜಾ ಕೈ ಅಡ್ಡ ಹಿಡಿದಳು.

"ಇಲ್ಲೆ. ಯಾಕ್ರಿ?"

ನಾನು ನೋಡಿದೆ. ಗೊತ್ತಾಗಲಿಲ್ಲ. ಆಕೆಯೂ ನೋಡಿದಳು. ಒಂಟೆ ಇದ್ದಲ್ಲೇ ಇದ್ದಿದ್ದರೆ ಏನಾಗುತ್ತಿತ್ತು ಎಂದು ಆಡಿ ನೋಡಿದೆವು, ಹಿಂದಕ್ಕೆ ತಂದೆವು, ಮತ್ತೊಂದು ದಾರಿ ಹಿಡಿದೆವು. ಮಕ್ಕಳು ಒಬ್ಬೊಬ್ಬರೇ ಎದ್ದು ಕಣ್ಣುಜ್ಜುತ್ತ ಸುತ್ತ ಬಂದು ಕೂತರು. ಸಹಾಯಕಿ ಅವರನ್ನು ಅಂಗಳಕ್ಕೆ ಕರೆದುಕೊಂಡು ಹೋದಳು. ಯಾವಾಗಲೋ ಒಮ್ಮೆ ನನ್ನ ಕಣ್ಣು ಆ ಮೂಲೆಯಿಂದ ಈ ಮೂಲೆಗೆ ಸರಿದುಬಂತು.

"ಗಿರಿಜಾ, ನೀ ನಡುವಿನ ಪ್ಯಾದಿಲೆ ಹೊಡದಿ ನೋಡು. ಅದು ಹೋದ ಮ್ಯಾಲ ಈ ದಾರಿ ಪೂರಾ ಖುಲ್ಲಾ ಆತು. ಒಂಟಿ ಎಷ್ಟು ದೂರ ಕುಂತರೂ ನಿನ್ನ ರಾಜಾನ ಮನಿತನಕ ನೋಡಾಕತ್ತಿತ್ತು. ನೀ ಹೊಡೀಲಿ ಅಂತನ ಸರದೈತಿ."

ಆಕೆ ತೊಡೆ ತಟ್ಟಿಕೊಂಡು ಜೋರಾಗಿ ನಕ್ಕಳು. "ಅಯ್ಯ ಶಿವನ! ಎಷ್ಟ ಚಂದ ಐತ್ರಿ ಇದು!" ತನ್ನನ್ನು ಸೋಲಿಸಿದ ನಡೆಯನ್ನು ಹೀಗೆ ಬಾಯಿತುಂಬ ಹೊಗಳಿದವರನ್ನು ನಾನು ಆ ಮೊದಲು ನೋಡಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಆ ನಗು ಇಳಿಯಿತು. "ಇಷ್ಟ ಚಂದಾದ್ದು ಆಡೇನಿ ಅಂತ ಅದಕ್ಕ ಗೊತ್ತಿರತೈತೇನ್ರಿ ಅಕ್ಕೋರ?" ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ನಿಜಕ್ಕೂ ನನಗೆ ಗೊತ್ತಿಲ್ಲ.

ಮಂಡಳಿಯ ಮುಂದಿನ ಸಭೆಯಲ್ಲಿ ನಾನು ಎದ್ದು ನಿಂತು ನನ್ನ ಎರಡು ತಪ್ಪನ್ನೂ ಹೇಳಿದೆ, ಯಂತ್ರದ ಅರ್ಜಿಗೆ ಸಹಿ ಮಾಡಿದ್ದು, ಗಡಿಯಾರ ನಿಲ್ಲಿಸಿದ್ದು. ಈ ಸಲ ಭಾಷಣ ಮಾಡಲಿಲ್ಲ. ಸ್ಪರ್ಧೆಯ ಪಟ್ಟಿಯಲ್ಲಿ ಯಂತ್ರದ ಹೆಸರು ಇರಬಾರದು ಎಂದೆ. ಚನ್ನಪ್ಪನವರು ಮೊದಲು ಗೊಣಗಿದರು. "ಕಾಲ ಮುಂದ ಹೊಂಟೈತಿ, ನಾವು ಬಾಗಲಾ ಹಾಕ್ಕೊಂಡ ಕುಂತ್ರ ಹೆಂಗ್ರಿ?" ಎಂದರು. "ಬಾಗಲಾ ಹಾಕೂದು ಬ್ಯಾಡ್ರಿ. ಒಳಗ ಬರಲಿ. ಆದ್ರ ಜಾಗ ಬೇಕಾದವರ ಜಾಗದಾಗ ಕುಂದ್ರೂದು ಬ್ಯಾಡ" ಎಂದೆ. ತಿರ್ಲಾಪುರದ ಆ ಚಾಪೆ, ರಜೆ ಅರ್ಜಿ, ಯಮನೂರಿನಿಂದ ಬಂದ ಅತ್ತೆ, ಎಲ್ಲ ಹೇಳಿದ ಮೇಲೆ ಅವರು ತಲೆಯಾಡಿಸಿದರು.

ಪ್ರಶಾಂತರಿಗೆ ಫೋನು ಮಾಡಿದಾಗ ಅವರು ಬಹಳ ನೊಂದುಕೊಂಡರು. ಜಾಗದ ಮಾತು ತಮಗೆ ಹೊಳೆದೇ ಇರಲಿಲ್ಲ ಎಂದರು. ನನಗೂ ಹೊಳೆದಿರಲಿಲ್ಲ ಎಂದೆ. ಮರುವರ್ಷ ಅವರೇ ಚತುರನನ್ನು ತಂದು ವಾಚನಾಲಯದ ಬೇರೆ ಕೋಣೆಯಲ್ಲಿ ಇಟ್ಟರು. ಆಟ ಮುಗಿಸಿದವರು ಅಲ್ಲಿ ಹೋಗಿ ತಮ್ಮ ನಡೆಗಳನ್ನು ತೋರಿಸಿ, ಎಲ್ಲಿ ಎಡವಿದೆವು ಎಂದು ನೋಡಿಕೊಂಡು ಬರುತ್ತಾರೆ. ಗೆದ್ದವರೂ ಸೋತವರೂ ಕೂಡಿಯೇ ಹೋಗಿ ಬಾಗಿಲಲ್ಲಿ ಜಗಳಾಡುತ್ತಾರೆ. ಆ ಕೋಣೆಯಲ್ಲಿ ಈಗ ಹಾಲಿಗಿಂತ ಹೆಚ್ಚು ಗದ್ದಲ.

ಗಿರಿಜಾಗೆ ಆ ವರ್ಷ ಬರಲಾಗಲಿಲ್ಲ, ಅದೇ ವಾರ ಇಲಾಖೆಯ ತರಬೇತಿ ಇತ್ತು. ಅದರ ಮರುವರ್ಷ ಬಂದಳು, ನಾಲ್ಕನೆಯವಳಾದಳು. ಹೋದ ವರ್ಷ ಆರನೆಯವಳು. ಕಲಘಟಗಿ, ಕುಂದಗೋಳದಿಂದ ಒಳ್ಳೊಳ್ಳೆಯ ಹೊಸ ಹುಡುಗಿಯರು ನಮ್ಮಲ್ಲಿ ಆಡಲು ಬರುತ್ತಿದ್ದಾರೆ. ಅಂಥ ಒಬ್ಬಳ ಕೈಯಲ್ಲಿ ಸೋತಾಗ ಗಿರಿಜಾ ಆ ಹುಡುಗಿಯ ಬೆನ್ನು ಚಪ್ಪರಿಸಿದ್ದನ್ನು ನೋಡಿದೆ. ಆದರೆ ಧಾರವಾಡಕ್ಕೆ ಹೋಗುವ ಸ್ಥಾನ ಆಕೆಗೆ ಮತ್ತೆ ಸಿಕ್ಕಿಲ್ಲ. ಸಿಗುತ್ತದೋ ಇಲ್ಲವೋ ಹೇಳುವವರು ಯಾರು?

ತಿಂಗಳಿಗೆ ಎರಡು ಸಲ, ಭಾನುವಾರ ಮಧ್ಯಾಹ್ನ, ನಾನು ತಿರ್ಲಾಪುರಕ್ಕೆ ಹೋಗುತ್ತೇನೆ. ಗಿರಿಜಾಳ ಮನೆಯ ಪಡಸಾಲೆಯಲ್ಲಿ ಆಡುತ್ತೇವೆ. ಹತ್ತಕ್ಕೆ ಎಂಟು ಆಟ ಆಕೆಯೇ ಗೆಲ್ಲುತ್ತಾಳೆ. ಉಳಿದ ಎರಡು ನನಗೆ ಬಿಟ್ಟುಕೊಡುತ್ತಾಳೆ ಎಂದು ನನಗೆ ಅನುಮಾನ, ಕೇಳುವ ಧೈರ್ಯವಿಲ್ಲ. ಹೋದ ಸಲ ಹೋದಾಗ ನನ್ನ ಸರದಿ ಇತ್ತು. ಕುದುರೆಯ ಮೇಲೆ ಬೆರಳಿಟ್ಟುಕೊಂಡೇ, ಇಷ್ಟು ದಿನ ಹೇಗೆ ಕೇಳಬೇಕೆಂದು ತಿಳಿಯದೆ ಉಳಿದ ಮಾತು ಕೇಳಿದೆ.

"ಗಿರಿಜಾ, ನನ್ನ ಮ್ಯಾಲಿನ ಸಿಟ್ಟು ಹೋತೇನವಾ?"

ಆಕೆ ಹಲಗೆಯಿಂದ ಕಣ್ಣೆತ್ತಲಿಲ್ಲ.

"ಇನ್ನಾ ಸ್ವಲ್ಪ ಐತ್ರಿ" ಎಂದಳು. "ಆಡ್ರಿ."